ಕೊನೆಯ ನುಡಿ ಕತ್ತರಿಸಿದ ಹಾಡು

ಬೇಡಕಿಹಾಳದ ಲಕ್ಷ್ಮಣನ ಮನೆಯಲ್ಲಿ ಬೆಳಿಗ್ಗೆ ಎರಡು ಸದ್ದು ಇದ್ದೇ ಇರುತ್ತವೆ. ಹೊರಗೆ ಕುರಿಮರಿಗಳದು, ಒಳಗೆ ಮಗಳು ಸೋನಾಲಿಯ ಲ್ಯಾಪ್‌ಟಾಪಿನದು. ನಿಪ್ಪಾಣಿಯ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಜೋಡಿಸುವ ಸೋನಾಲಿ, ಬಸ್ಸಿಗೆ ಹೊರಡುವ ಮೊದಲು ತನ್ನದೇ ಒಂದಿಷ್ಟು ಸಂಗೀತ ಕೂಡಿಸುತ್ತಾಳೆ. ಕಲಿಸಿದವರು ಯಾರೂ ಇಲ್ಲ. ಕೇಳಿ ಕೇಳಿ, ಕೆಡಿಸಿ ಕೆಡಿಸಿ ಕಲಿತದ್ದು. ತಿಂಗಳ ಹಿಂದೆ ತನ್ನ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದ ಹಾಡು ಈಗ ಕಬ್ಬಿನ ಟ್ರ್ಯಾಕ್ಟರುಗಳಲ್ಲೆಲ್ಲ ಕೇಳುತ್ತಿತ್ತು.

"ಏ ಸೋನೂ, ನಿನ್ನ ಹಾಡ ಕೇಳಿ ಟಗರೂ ತಲಿ ಅಲ್ಲಾಡ್ಸಾಕತ್ತೈತಿ ನೋಡ" ಎಂದು ಅಪ್ಪ ಹೊರಗಿನಿಂದ ನಕ್ಕ.

ಸೋನಾಲಿ ನಗಲಿಲ್ಲ. ಮೊಬೈಲಿಗೆ ಬಂದ ಇ-ಮೇಲ್ ಪತ್ರವನ್ನು ಮೂರನೆಯ ಸಲ ಓದುತ್ತಿದ್ದಳು. ಸಾಂಗ್ಲಿಯ ಕ್ಯಾಸೆಟ್ ಕಂಪನಿಯೊಂದರ ವಕೀಲರದು. ಅವರ ಹಳೆಯ ಕ್ಯಾಸೆಟ್ಟಿನ ದನಿಯನ್ನು ಅನುಮತಿ ಕೇಳದೆ ಬಳಸಿದ್ದಾಳಂತೆ. ಏಳು ದಿನದೊಳಗೆ ಹಾಡು ತೆಗೆದು ಉತ್ತರ ಕೊಡದಿದ್ದರೆ ಕೋರ್ಟು, ಪೊಲೀಸು. ಪತ್ರ ಬಂದು ಆಗಲೇ ಐದು ದಿನವಾಗಿತ್ತು. ಬೇಡದ ಜಾಹೀರಾತುಗಳ ನಡುವೆ ಬಿದ್ದುಕೊಂಡಿತ್ತು.

ಹಾಡಿನಲ್ಲಿ ಮತ್ತೆ ಮತ್ತೆ ಬರುವ ಹೆಂಗಸಿನ ದನಿ ಆರೇ ಸೆಕೆಂಡಿನದು. ಮನೆಯಲ್ಲಿದ್ದ ಡೊಳ್ಳಿನ ಪದದ ಕ್ಯಾಸೆಟ್ಟಿನಿಂದ ತೆಗೆದದ್ದು. ಡೊಳ್ಳಿನ ಪದದ ಕೊನೆಯ ನುಡಿಯಲ್ಲಿ, ಮುಗಿಸುವ ಚರಣದಲ್ಲಿ, ಊರಿನ ಹೆಸರೂ ಕಟ್ಟಿದವರ ಹೆಸರೂ ಬರುತ್ತವೆ. ಮೇಳಗಳ ಪದ್ಧತಿ ಅದು. ಸೋನಾಲಿ ಆ ನುಡಿಯನ್ನು ಕತ್ತರಿಸಿ ಉಳಿದದ್ದರಲ್ಲಿ ಒಂದು ಸಾಲನ್ನಷ್ಟೇ ಇಟ್ಟುಕೊಂಡಿದ್ದಳು. ಹೆಸರಿಲ್ಲದಿದ್ದರೆ ಅದು ಬರೀ ದೇವರ ಪದ, ಎಲ್ಲರದೂ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅಪ್ಪನಿಗೆ ಹೇಳಲಿಲ್ಲ. ಆ ಲ್ಯಾಪ್‌ಟಾಪಿಗಾಗಿ ಅವನು ನಾಲ್ಕು ಕುರಿ ಮಾರಿದ್ದ. ಪೊಲೀಸರು ಅದನ್ನು ಎತ್ತಿಕೊಂಡು ಹೋಗುವುದು, ಅಪ್ಪ ಬಾಗಿಲಲ್ಲಿ ನಿಂತು ನೋಡುವುದು ಕಣ್ಣಿಗೆ ಕಟ್ಟಿತು. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಬಂದಾಗಲೂ ಖಾಕಿ ಕಂಡು ಮೊಬೈಲನ್ನು ಚೀಲದೊಳಗೆ ತುರುಕಿದಳು.

ಅಂದು ಅವಳು ಸ್ಟುಡಿಯೋಕ್ಕೆ ಹೋಗದೆ ಚಿಕ್ಕೋಡಿಗೆ ಹೋದಳು. ಅಲ್ಲಿಯ ವಕೀಲ ಪಾರಿಸ ಅವರ ಮಗಳ ಮದುವೆ ವಿಡಿಯೋ ಮಾಡಿದವಳು ಅವಳೇ.

"ಆರ ಸೆಕೆಂಡ್ ಅಷ್ಟ ರೀ ಸಾಹೇಬ್ರ. ದನಿ ಸಣ್ಣದ ಮಾಡೇನಿ, ಓಟ ಹೆಚ್ಚ ಮಾಡೇನಿ. ನಮ್ಮ ದೇವರ ಪದಾ ಅದು. ಯಾರ ಅಪ್ಪಣಿ ಬೇಕಿತ್ತ್ರಿ?"

"ದೇವರ ಪದಾ ಖರೆ. ರೆಕಾರ್ಡ್ ಮಾಡಿದಾಂವ ದೇವರಲ್ಲವಾ ತಂಗಿ" ಎಂದರು ಪಾರಿಸ. "ಇಷ್ಟ ಸೆಕೆಂಡಿನ ತನಕ ಮಾಫಿ ಅಂತ ಕಾನೂನಿನ್ಯಾಗ ಎಲ್ಲೂ ಇಲ್ಲ. ರೆಕಾರ್ಡ್ ಮಾಡಿದವರ ಹಕ್ಕ ಒಂದು, ಪದಾ ಕಟ್ಟಿದವರ ಹಕ್ಕ ಇನ್ನೊಂದು. ಕಟ್ಟಿದವರು ಸತ್ತ ಮ್ಯಾಲೂ ಅರವತ್ತ ವರ್ಷ ಇರತೈತಿ ಅದು. ಯಾರು ಕಟ್ಟಿದ್ದು?"

ಗೊತ್ತಿಲ್ಲ ಎನ್ನಲು ಸೋನಾಲಿ ಬಾಯಿ ತೆರೆದಳು. ಬಾಯಿಂದ ಬಂದದ್ದು ಹೆಸರು.

"ನಮ್ಮ ಕಡೀ ಅನಂತಪುರದ ತಾರವ್ವ ರಿ. ಹಾಡಿದ್ದೂ ಆಕೀನಽ. ಹೆಸರಿನ ನುಡಿ ನಾನಽ ಬಿಟ್ಟೇನ್ರಿ."

"ಗೊತ್ತಿದ್ದೂ ಬಿಟ್ಟಿ?"

"ಹೆಸರ ಇದ್ರ ಸಿಕ್ಕ ಬೀಳತೀನಿ ಅಂತ..."

ಅವರ ಮೇಜಿನ ಮುಂದೆಯೇ ಕುಳಿತು ಅವಳು ಹಾಡು ತೆಗೆದಳು. ಪಾರಿಸ ಉತ್ತರ ಬರೆದು ಕಳಿಸಿದರು.

"ಜೇಲಿಗೆ ಹಾಕ್ತಾರೇನ್ರಿ?"

"ಹಾಡ ತಗದಿ, ತಪ್ಪ ಒಪ್ಪಿದಿ. ಇನ್ನ ಅವರ ಕೈಯಾಗ."

ಸಂಜೆ ಊಟಕ್ಕೆ ಕುಳಿತಾಗ ರೊಟ್ಟಿ ಬದಿಗಿಟ್ಟು ಅಪ್ಪನ ಕಡೆ ತಿರುಗಿದಳು. ಎಲ್ಲ ಹೇಳಿಬಿಟ್ಟಳು. ಲಕ್ಷ್ಮಣ ತಾಟು ಸರಿಸಿದ.

"ಕಂಪನಿಯವ್ರಿಗೆ ಕಾಗದ ಹೋತು. ಆ ಹೆಣ್ಮಗಳಿಗೆ ಯಾರ ಹೇಳ್ಯಾರ?"

ರವಿವಾರ ತಂದೆ ಮಗಳು ಅನಂತಪುರಕ್ಕೆ ಹೋದರು. ತಾರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸೋನಾಲಿಯ ಕೈಯಲ್ಲಿ ವಕೀಲರ ಉತ್ತರದ ಕಾಗದ ಕಂಡದ್ದೇ ಮೊರ ಬಿಟ್ಟು ಎದ್ದು ನಿಂತಳು.

"ನನ್ನ ಕಡೆ ಏನೂ ಇಲ್ಲ ಬೇ! ಕ್ಯಾಸೆಟ್ಟಿನವ್ರು ಒಂದ ಸೀರಿ ಕೊಟ್ರು, ಹಾಡಿ ಬಂದೆ. ಯಾವ ಕಾಗದಕ್ಕೂ ಹೆಬ್ಬಟ್ಟ ಒತ್ತಿಲ್ಲ ನಾ."

ಇಷ್ಟು ದಿನ ಅಂಜಿಕೆ ತನ್ನೊಬ್ಬಳದೇ ಎಂದುಕೊಂಡಿದ್ದ ಸೋನಾಲಿಗೆ ಆ ಮುದುಕಿ ಹಾಗೆ ಹಿಂದೆ ಸರಿಯುವುದನ್ನು ನೋಡಲಾಗಲಿಲ್ಲ. "ತಪ್ಪ ನಂದೈತಿ ಆಯಿ, ನಿಮ್ದಲ್ಲ" ಎಂದು ಮೊಬೈಲಿನಲ್ಲಿ ಹಾಡು ಹಚ್ಚಿದಳು.

ತಾರವ್ವ ಕಿವಿಗೊಟ್ಟು ಕೇಳಿದಳು. "ನನ್ನ ದನೀನ ಇಲಿ ಮಾಡೀ ಅಲ್ಲಬೇ!" ಎಂದು ನಕ್ಕಳು. ನಗು ಅಲ್ಲಿಯೇ ನಿಂತಿತು. "ಹೆಸರಿನ ನುಡಿ ಎಲ್ಲೈತಿ?"

"ಕತ್ತರಿಸೇನ್ರಿ."

"ನನಗ ಬರಿಯಾಕ ಬರೂದಿಲ್ಲವಾ. ನನ್ನ ಸಹಿ ಅಂದ್ರ ಅದಽ ಇತ್ತು."

ಸೋನಾಲಿ ಮೊಬೈಲಿನ ಹಾಡು ನಿಲ್ಲಿಸಿದಳು.

ಮುಂದಿನ ವಾರ ಕಂಪನಿಯಿಂದ ಎರಡು ಸಾಲು ಬಂದವು. ಹಾಡು ತೆಗೆದದ್ದರಿಂದ ಈ ಸಲ ಬಿಟ್ಟಿದ್ದೇವೆ, ಮತ್ತೊಮ್ಮೆ ಬಿಡುವುದಿಲ್ಲ.

ತಾರವ್ವ ಹಕ್ಕನ್ನು ಯಾರಿಗೂ ಬರೆದು ಕೊಟ್ಟಿಲ್ಲವಾದ್ದರಿಂದ ಪದ ಇನ್ನೂ ಅವಳದೇ, ಕ್ಯಾಸೆಟ್ಟಿನ ದನಿ ಮಾತ್ರ ಮುಟ್ಟಬೇಡ ಎಂದರು ಪಾರಿಸ. ಹೊಸದಾಗಿ ಹಾಡುವಿರಾ ಎಂದು ಸೋನಾಲಿ ಕೇಳಿದಾಗ ತಾರವ್ವ "ಇಲಿ ಮಾಡೂದಿಲ್ಲಂದ್ರ ಹಾಡತೀನಿ" ಎಂದಳು. ಪಾರಿಸ ಕರಾರು ಬರೆದುಕೊಟ್ಟರು.

ತಾರವ್ವನ ಅಂಗಳದಲ್ಲಿ ಸೋನಾಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು, ಲಕ್ಷ್ಮಣ ಡೊಳ್ಳು ಹೆಗಲಿಗೇರಿಸಿದ. ತಾರವ್ವ ಸೆರಗು ಸರಿಮಾಡಿಕೊಂಡು, "ಹಾಡ್ಲೇನ?" ಎಂದಳು.

"ತಡೀರಿ ಆಯಿ. ಮೊದ್ಲ ಈ ಕರಾರ ಓದತೀನಿ. ಒಪ್ಪಿಗಿ ಆಗಲಿಲ್ಲಂದ್ರ ಬ್ಯಾಡ ಅನ್ರಿ."

ಸಾಲು ಸಾಲಾಗಿ ಓದಿದಳು. ಎರಡು ಕಡೆ ತಾರವ್ವ ತಡೆದು ಕೇಳಿದಳು, ಸೋನಾಲಿ ಮತ್ತೆ ಓದಿದಳು. ಹೆಬ್ಬಟ್ಟು ಬಿತ್ತು. ಡೊಳ್ಳು ಎದ್ದಿತು.

ಪದ ಮುಗಿಯುತ್ತ ಬಂದಾಗ ಸೋನಾಲಿಯ ಬೆರಳು ಅಭ್ಯಾಸದಂತೆ ರೆಕಾರ್ಡಿಂಗ್ ನಿಲ್ಲಿಸುವ ಗುಂಡಿಯ ಹತ್ತಿರ ಹೋಯಿತು. ಅವಳು ಕೈ ಹಿಂದಕ್ಕೆಳೆದು ಮಡಿಲಲ್ಲಿ ಇಟ್ಟುಕೊಂಡಳು. ತಾರವ್ವ ದನಿ ಎತ್ತಿ ಊರಿನ ಹೆಸರು ಹೇಳಿದಳು, ತನ್ನ ಹೆಸರು ಹೇಳಿದಳು.