ಎಲ್ಲವನ್ನೂ ತಡೆ

“ಬುಡದಿಂದ ನಾವೇ ಕಟ್ಟಿದ್ದು ಸಾರ್,” ಎಂದು ಮಾರಾಟದವನು ಆ ಕಪ್ಪು ಪೆಟ್ಟಿಗೆಯನ್ನು ಮಗುವಿನ ತಲೆಯಂತೆ ನೇವರಿಸಿದಾಗ, ಎದುರು ಕೂತು ನೋಡುತ್ತಿದ್ದ ಅವನಿಗೆ ಮೈಯೆಲ್ಲ ಉರಿಯಿತು.

ಪರದೆಯ ಮೇಲಿದ್ದ, ಕಂಪ್ಯೂಟರ್ ಜಾಲ ಕಾಯುವ ಫೈರ್‌ವಾಲ್ ಅವನದು. ಕಾಲೇಜು ಮುಗಿದ ಹೊಸತರಲ್ಲಿ ಅವನೂ ಗೆಳೆಯ ಗಡ್ಡನೂ ಬರೆದದ್ದು. ಮೊದಲು ಅದು ಜಾಲದಲ್ಲಿ ಬಂದ ಒಂದೊಂದೇ ಮಾಹಿತಿ ತುಣುಕಿನ ವಿಳಾಸ ನೋಡಿ ಬಿಡುವ, ಇಲ್ಲವೇ ತಡೆಯುವ ಮೊದ್ದು ಕಾವಲುಗಾರ. ಆಮೇಲೆ ಯಾರೊಡನೆ ಯಾರ ಮಾತು ನಡೆದಿದೆ ಎಂದು ನೆನಪಿಡಲು ಕಲಿಸಿದರು. ಆಮೇಲೆ ಏನೂ ಗೊತ್ತಿಲ್ಲದವರೂ ಒತ್ತಬಹುದಾದ ಗುಂಡಿಗಳು ಬಂದವು. ಯಾರು ಬೇಕಾದರೂ ತೆಗೆದುಕೊಳ್ಳಿ, ಬದಲಿಸಿ, ಮಾರಿ ಎಂದು ಪರವಾನಗಿಯಲ್ಲಿ ಬರೆದವನು ಅವನೇ. ಕಳ್ಳ ಎಂದು ಬೈಯುವ ಹಾಗೂ ಇರಲಿಲ್ಲ.

“ಒಳಗಿರೋ ಕೋಡು ಯಾರದು?”

“ಅದು ಕಂಪನಿ ಗುಟ್ಟು ಸಾರ್.”

ಪೆಟ್ಟಿಗೆ ಕೊಳ್ಳಲು ಹೊರಟಿದ್ದ ಮೇಲಧಿಕಾರಿ ನಕ್ಕರು. “ಹಣ್ಣು ತಿನ್ನಿ ಅಂದ್ರೆ ಬೇರು ಅಗೀತಾರೆ ನಮ್ಮೋರು.”

ಮಾರಾಟದವನು ಕೊಟ್ಟ ಕಾಗದದಲ್ಲಿ ಗಡ್ಡನ ಹೆಸರು ಕಂಡು, ತನ್ನ ಕೋಣೆಗೆ ಬಂದು ಅವನಿಗೆ ಫೋನ್ ಮಾಡಿದ.

“ಆ ಕಂಪನೀಲಿ ನೀನೂ ಇದ್ದೀಯಾ?”

“ಊಟ ಆಯ್ತಾ?”

“ಗಡ್ಡ, ಯಾವಾಗಿಂದ?”

“ಹೇಳ್ಬೇಕು ಅಂತಾನೇ ಇದ್ದೆ ಕಣೋ. ಪುಕ್ಕಟೆ ದುಡಿದೂ ದುಡಿದೂ ಸಾಕಾಯ್ತು. ಸಂಜೆ ನಮ್ಮ ವೆಬ್‌ಸೈಟನ್ನ ಅವರಿಗೆ ಒಪ್ಪಿಸ್ತೀನಿ. ಹೊಸ ಕೋಡು ಇನ್ಮೇಲೆ ತೆರೆದಿರಲ್ಲ.”

“ನನ್ನ ಒಂದು ಮಾತು ಕೇಳದೆ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

ಫೋನನ್ನು ಮೇಜಿನ ಮೇಲೆ ಕುಕ್ಕಿದ.

ಹಳೆಯ ಕೋಡು ಊರೂರಿಗೆ ಹಂಚಿಹೋಗಿತ್ತು, ಅದು ಉಳಿದೀತು. ಆದರೆ ಅದರ ಹೆಸರು, ಜನ ಹುಡುಕಿಕೊಂಡು ಬರುವ ವಿಳಾಸ, ಎಲ್ಲ ಇದ್ದದ್ದು ದೂರದ ಒಂದು ಸರ್ವರ್‌ನಲ್ಲಿ. ಅದರ ಬಾಡಿಗೆ ಗಡ್ಡನ ಹೆಸರಲ್ಲಿ. ಸಂಜೆಯೊಳಗೆ ಗಡ್ಡನನ್ನು ಹೊರಗಿಡಬೇಕು. ತನ್ನ ಕಂಪ್ಯೂಟರಿನಿಂದಲೇ ಆ ಸರ್ವರ್ ಒಳಹೊಕ್ಕ. ಹಲ್ಲು ಕಚ್ಚಿ ಅದರ ಫೈರ್‌ವಾಲ್‌ನಲ್ಲಿ ಇದ್ದ ನಿಯಮಗಳನ್ನೆಲ್ಲ ಅಳಿಸಿದ. ‘ಎಲ್ಲವನ್ನೂ ತಡೆ’ ಎಂದು ಬರೆದು ಜಾರಿ ಮಾಡಿದ. ಮುಂದಿನ ಸಾಲು ತನ್ನೊಬ್ಬನಿಗೆ ದಾರಿ ಬಿಡುವುದು. ಟೈಪಿಸಿದ. ಅಕ್ಷರ ಮೂಡಲಿಲ್ಲ. ಆ ನಿಯಮ ಅವನನ್ನೂ ಹೊರಗಿಟ್ಟಿತ್ತು.

ಮೊದಲು ನಿನಗೆ ದಾರಿ ಇಟ್ಟುಕೋ, ಆಮೇಲೆ ಬಾಗಿಲು ಹಾಕು: ಹೊಸಬರಿಗೆಲ್ಲ ಅವನು ನಗುನಗುತ್ತ ಹೇಳಿಕೊಡುತ್ತಿದ್ದ ಪಾಠ.

ಇನ್ನು ಬಾಗಿಲು ತೆರೆಸಬಲ್ಲವನು ಬಾಡಿಗೆದಾರನೊಬ್ಬನೇ. ಫೋನ್ ಹೊಡೆದುಕೊಳ್ಳತೊಡಗಿತು. ಗಡ್ಡ. ಅವನು ಎತ್ತಲಿಲ್ಲ.

ಮತ್ತೆ ಒಳಹೋಗಲು ನೋಡಿದ. ‘ಇಲ್ಲ’ ಎಂಬ ಉತ್ತರವೂ ಬರಲಿಲ್ಲ. ಅಪರಿಚಿತರು ತಟ್ಟಿದರೆ ಫೈರ್‌ವಾಲ್ ಹೋಗು ಎಂದೂ ಅನ್ನಬಾರದು, ಒಳಗೆ ಯಾರೂ ಇಲ್ಲವೆಂದೇ ಅನ್ನಿಸಬೇಕು ಎಂದು ಹಿಂದೆ ಗಡ್ಡನ ಜೊತೆ ಜಗಳವಾಡಿ ಗೆದ್ದಿದ್ದವನು ಅವನೇ. ಜಗತ್ತಿನ ಯಾವ ಮೂಲೆಯಿಂದ ಯಾರು ತಟ್ಟಿದರೂ ಈಗ ಅದೇ ಮೌನ.

ಫೋನ್ ನಿಂತಿತು. ಅವನು ಮತ್ತೊಮ್ಮೆ ತಟ್ಟಿದ.