ತೋಳಿನ ಮೇಲಿನ ನೀಲಿ ಗುರುತು

ಬೆಳಕೆ ಊರಿನ ಬಡಗಿ ಮಾಸ್ತಿಗೆ ಮೂಗಿನ ಪಕ್ಕದ ಸೈನಸ್ ಗೂಡಿನಲ್ಲಿ ಕ್ಯಾನ್ಸರ್ ಎಂದಾಗ ಹೆಂಡತಿ ಗಣಪಿ ಅತ್ತಳು, ಹರಕೆ ಹೊತ್ತಳು, ಎಲ್ಲ ತಡೆದುಕೊಂಡಳು. ತಡೆಯಲಾಗದೆ ಹೋದದ್ದು ಮಾಲತಿಯನ್ನು. ಮಾಲತಿ ಮಾಸ್ತಿಯ ಸೋದರಮಾವನ ಮಗಳು. ಕೇರಿಯವರ ಲೆಕ್ಕದಲ್ಲಿ ಹುಟ್ಟಿದಾಗಲೇ ಅವನಿಗೆಂದು ಗೊತ್ತಾಗಿದ್ದವಳು. ಅವನು ಗಣಪಿಯನ್ನು ಮೆಚ್ಚಿ ತಂದ. ಇವಳು ಮದುವೆಯೇ ಆಗಲಿಲ್ಲ. ಅಂಥವಳು ಪಕ್ಕದ ಮನೆಯಲ್ಲಿದ್ದರೆ ಯಾವ ಹೆಂಡತಿಗೆ ನಿದ್ದೆ ಬಂದೀತು, ಹೇಳಿ!

ಆಪರೇಶನ್ ಆದ ಮೇಲೆ ದಿನಾ ಉಪ್ಪುನೀರಿನಲ್ಲಿ ಮೂಗಿನೊಳಗೆ ತೊಳೆಯಬೇಕಿತ್ತು. ಆ ವಾಸನೆಗೆ ಗಣಪಿಗೆ ವಾಂತಿ. ಮಾಲತಿ ಮಾತ್ರ ಸೆರಗು ಸಿಕ್ಕಿಸಿ ತೊಳೆಯುತ್ತಿದ್ದಳು. "ತಲೆ ಬಗ್ಸು ಭಾವ, ಆತು ಆತು" ಎಂಬ ಅವಳ ದನಿ ಕೇಳಿದರೆ ಗಣಪಿಯ ಹೊಟ್ಟೆಯಲ್ಲಿ ಮೆಣಸು ಅರೆದಂತಾಗುತ್ತಿತ್ತು.

ಸೋಮವಾರ ಗಂಡನ ಅಂಗಿ ಬದಲಿಸುವಾಗ ತೋಳಿನ ಮೇಲೆ ಬೆರಳು ಊರಿದಂಥ ನೀಲಿ ಗುರುತು ಕಂಡಿತು. ಗಣಪಿ ಬೇರೇನೂ ಯೋಚಿಸಲಿಲ್ಲ. ಮಾಲತಿ ಬಂದಾಗ ಬಾಗಿಲಿಗೆ ಅಡ್ಡ ನಿಂತಳು.

"ಇನ್ ನೀ ಬರೂದು ಬ್ಯಾಡ. ನನ್ ಗಂಡನ್ನ ನಾ ನೋಡ್ಕಂತೆ."

ನೋಡಿಕೊಂಡಳೂ ಹೌದು, ಮೂಗು ಮುಚ್ಚಿಕೊಂಡು, ಅರ್ಧಂಬರ್ಧ. ಜ್ವರ ಏರಿತು. ಆ ಗುರುತು ಮತ್ತೆ ನೋಡುವ ಮನಸ್ಸಿಲ್ಲದೆ ಅಂಗಿ ಬಿಚ್ಚಲಿಲ್ಲ. ಬುಧವಾರ ಬೆಳಿಗ್ಗೆ ಮಾಸ್ತಿ ಬಾಯಿ ಮುಕ್ಕಳಿಸಿದ ನೀರೆಲ್ಲ ಕೆಂಪು. ಒಸಡಿನ ರಕ್ತ ನಿಲ್ಲಲೇ ಇಲ್ಲ. ಗಣಪಿ ಆಗ ಕೂಗಿದ್ದು ಮಾಲತಿಯನ್ನೇ.

ಇಬ್ಬರೂ ಸೇರಿ ಅವನನ್ನು ಭಟ್ಕಳದ ಆಸ್ಪತ್ರೆಗೆ ತಂದರು. ಡಾಕ್ಟರು ಅಂಗಿ ಎತ್ತಿದರೆ ಎದೆ, ಹೊಟ್ಟೆಯೆಲ್ಲ ನೀಲಿ.

"ಮೂಗಿನ ಸೋಂಕು ರಕ್ತಕ್ಕೆ ಇಳಿದಿದೆ. ಸಣ್ಣ ನಾಳಗಳಲ್ಲೆಲ್ಲ ರಕ್ತ ಹೆಪ್ಪುಗಟ್ಟಿ, ಹೆಪ್ಪುಗಟ್ಟಿಸುವ ಅಂಶವೇ ಮುಗಿದಿದೆ. ಅದಕ್ಕೇ ಈಗ ಚರ್ಮದಡಿ, ಒಸಡಲ್ಲಿ ಒಸರ್ತಿದೆ. ಕೂಡಲೇ ಮಂಗಳೂರಿಗೆ ಒಯ್ಯಬೇಕು. ಈ ಕಲೆ ಶುರುವಾದ್ದು ಯಾವತ್ತು?"

ಗಣಪಿ ಮಾಲತಿಯತ್ತ ತಿರುಗಿದಳು. "ಸೋಮವಾರ. ನಾ ಇವಳ ಬೆರಳಿನ ಗುರ್ತು ಅಂದ್ಕಂಡಿ."

ಮಾಲತಿಯ ಮುಖ ಕಪ್ಪಿಟ್ಟಿತು. "ತೋಳು ನಾ ಯಾವತ್ತೂ ಹಿಡಿಲಿಲ್ಲ ಅಕ್ಕ" ಎಂದಳು. ಬೈದಿದ್ದರೂ ಗಣಪಿಗೆ ಅಷ್ಟು ನೋಯುತ್ತಿರಲಿಲ್ಲ.

ಆಂಬುಲೆನ್ಸ್ ಬಂತು. "ಜೊತೆಗೆ ಒಬ್ಬರೇ. ದಾರಿಯುದ್ದಕ್ಕೂ ಬಾಯಿ, ಮೂಗು ಒರೆಸ್ತಾ ಇರಬೇಕು" ಎಂದಳು ನರ್ಸ್. ಗಣಪಿ ಆಗಲೇ ಒಂದು ಕಾಲು ಒಳಗಿಟ್ಟಿದ್ದಳು. ವಾಸನೆ ಮುಖಕ್ಕೆ ರಾಚಿತು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕಾಲು ಕೆಳಗಿಟ್ಟು ಮಾಲತಿಯ ರಟ್ಟೆ ಹಿಡಿದು ಎಳೆದಳು. ಹೊಟ್ಟೆಯುರಿ ಕಡಿಮೆಯಾಗಿರಲಿಲ್ಲ, ಇನ್ನೂ ಹೆಚ್ಚಾಗಿತ್ತು.

"ಹತ್ತು. ನಂಗೆ ಆಗೂದಿಲ್ಲ. ಅವ್ರನ್ನ ಬದುಕ್ಸಿ ಕರ್ಕಂಡ್ ಬಾ. ನಿನ್ ಸಂಗ್ತಿ ಜಗಳ ಆಮೇಲೆ ಆಡ್ತೆ."