ಮೇಷ್ಟ್ರ ಒಪ್ಪಿಗೆ

ಪತ್ರಿಕೆಯಲ್ಲಿ ಅಚ್ಚಾದ ತಮ್ಮ ಪತ್ರವನ್ನು ದೊಡ್ಡಪ್ಪ ನೀಟಾಗಿ ಕತ್ತರಿಸಿ ಮೇಜಿನ ಮೇಲಿಟ್ಟಿದ್ದರು. ‘ಮಾತು ಕೊಟ್ಟು ಮುರಿದ ವಿದೇಶಿ ನಿರ್ದೇಶಕ’ ಎಂದು ತಲೆಬರಹ.

“ಇದನ್ನ ಅವನ ಭಾಷೇಲಿ ಬರೆದುಕೊಡು. ಅವನಿಗೇ ಕಳಿಸ್ತೀನಿ,” ಎಂದರು. “ನಿನ್ನ ಸಕ್ಕರೆ ಬೆರೆಸಬೇಡ, ತಾಯಿ.”

ದುಭಾಷಿಯಾಗಿದ್ದ ತಮ್ಮನ ಮಗಳು ಪೆನ್ನು ತೆಗೆದಳು. ಮೊದಲ ಸಾಲಿನಲ್ಲೇ ನಿಲ್ಲಿಸಿದಳು. ಆ ನಿರ್ದೇಶಕ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಈ ಊರಲ್ಲಿ ಅದು ಅವಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಆ ವಿದೇಶಿ ತಂಡ ಸಿನಿಮಾ ಮಾಡಿದ್ದು ಈ ನಾಡಿನ ದಂಡನಾಯಕನ ಮೇಲೆ. ಶರಣಾಗು ಎಂದರೂ ಆಗದೆ ಸೇತುವೆಯ ಮೇಲೆ ನಿಂತೇ ಸತ್ತವನು. ಪಠ್ಯಪುಸ್ತಕದಲ್ಲಿ, ನಾಣ್ಯದಲ್ಲಿ, ಚೌಕದ ಪ್ರತಿಮೆಯಲ್ಲಿ, ಎಲ್ಲ ಕಡೆ ಅವನು ನಿಂತೇ ಇದ್ದಾನೆ. ವಿದೇಶಿಯರ ಕಥೆಯಲ್ಲಿ ಮಾತ್ರ ಅವನು ಸೆರೆಸಿಕ್ಕ ಮಗನ ಪ್ರಾಣಕ್ಕಾಗಿ ಶತ್ರುವಿನ ಮುಂದೆ ಮೊಣಕಾಲೂರುತ್ತಿದ್ದ. ನಲವತ್ತು ವರ್ಷ ಇತಿಹಾಸ ಪಾಠ ಮಾಡಿ ‘ಪುರಾವೆ ಮೇಷ್ಟ್ರು’ ಎನಿಸಿಕೊಂಡಿದ್ದ ದೊಡ್ಡಪ್ಪನನ್ನು ಸಲಹೆಗಾರರಾಗಿ ಸೇರಿಸಿದ್ದೂ ಅವಳೇ.

ಚಿತ್ರೀಕರಣಕ್ಕೆ ಮೊದಲು ಒಂದು ದಿನ ಹೋಟೆಲ್ ಕೋಣೆಯಲ್ಲಿ ನಿರ್ದೇಶಕ, ದೊಡ್ಡಪ್ಪ, ಅವಳು, ಮೂವರೇ ಕೂತಿದ್ದರು. ದೊಡ್ಡಪ್ಪ ಆ ದೃಶ್ಯದ ಹಾಳೆಯ ಮೇಲೆ ಬೆರಳಿಟ್ಟು, “ಇದು ಶುದ್ಧ ಸುಳ್ಳು. ಅವನಿಗೆ ಮಗನೇ ಇರಲಿಲ್ಲ. ತೆಗೀಲಿ, ಇಲ್ಲಾಂದ್ರೆ ನನ್ನ ಹೆಸರು ಹಾಕೋದು ಬೇಡ,” ಎಂದಿದ್ದರು.

ಹನ್ನೊಂದು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸವೇ ಮಾತಿನ ಮೊನೆ ಮುರಿಯುವುದು. ವ್ಯಾಪಾರಿಗಳ ನಡುವೆ ಕೂತಾಗ ಒಬ್ಬನ ಬೈಗುಳ ಇನ್ನೊಬ್ಬನಿಗೆ ಮುಟ್ಟುವಷ್ಟರಲ್ಲಿ ವಿನಂತಿಯಾಗಿರುತ್ತಿತ್ತು. ಹಾವೂ ಸಾಯುತ್ತಿರಲಿಲ್ಲ, ಕೋಲೂ ಮುರಿಯುತ್ತಿರಲಿಲ್ಲ. ಅವತ್ತೂ ಹಾಗೇ ಮಾಡಿದಳು. ಜಗಳವಾದರೆ ಚಿತ್ರೀಕರಣದ ಆರು ವಾರದ ಕೆಲಸ ಕೈತಪ್ಪುತ್ತಿತ್ತು ಎಂಬುದೂ ಸುಳ್ಳಲ್ಲ.

“ದೃಶ್ಯ ಹೊಸತಾಗಿದೆ, ಇನ್ನೊಮ್ಮೆ ಯೋಚಿಸಿದರೆ ಒಳ್ಳೆಯದು ಅಂತಾರೆ,” ಎಂದು ನಿರ್ದೇಶಕನಿಗೆ ಹೇಳಿದಳು.

ಅವನು ನಕ್ಕು, ಯೋಚಿಸಿಯೇ ಬರೆದದ್ದು, ದೃಶ್ಯ ಇರುತ್ತದೆ, ಮೇಷ್ಟ್ರಿಗೆ ಧನ್ಯವಾದ ಎಂದ. ಅದು ದೊಡ್ಡಪ್ಪನ ಕಿವಿ ಸೇರುವಷ್ಟರಲ್ಲಿ, “ನಿಮ್ಮ ಮಾತು ಗಮನಕ್ಕೆ ತಗೊಂಡಿದ್ದಾರೆ, ಸರಿ ಮಾಡ್ತಾರಂತೆ,” ಎಂದಾಗಿತ್ತು. ಇಬ್ಬರೂ ಎದ್ದು ಕೈ ಕುಲುಕಿದರು.

ಸಿನಿಮಾ ಬಂತು. ದಂಡನಾಯಕ ಪರದೆಯ ತುಂಬ ಮೊಣಕಾಲೂರಿದ. ಕೊನೆಯಲ್ಲಿ, ಪ್ರತಿ ದೃಶ್ಯಕ್ಕೂ ಒಪ್ಪಿಗೆ ಕೊಟ್ಟವರು ಎಂದು ದೊಡ್ಡಪ್ಪನ ಹೆಸರು ದೊಡ್ಡದಾಗಿ ಬಂತು. ಹಳೇ ಶಿಷ್ಯರು ಎದುರು ಸಿಕ್ಕರೆ ರಸ್ತೆ ದಾಟತೊಡಗಿದರು. ಕ್ಷೌರದಂಗಡಿಯವನು ಸೋಪಿನ ಬ್ರಶ್ ಹಿಡಿದು, “ಮೇಷ್ಟ್ರೇ, ಮೊಣಕಾಲಿಗೆ ಪುರಾವೆ ಎಲ್ಲಿ ಸಿಕ್ತು?” ಎಂದು ಕೇಳಿದನಂತೆ. ದೊಡ್ಡಪ್ಪ ಅರ್ಧ ಗಡ್ಡದಲ್ಲೇ ಎದ್ದು ಬಂದಿದ್ದರು.

“ಯಾಕೆ ನಿಲ್ಲಿಸಿದೆ?” ಎಂದರು ಈಗ.

“ಅವನು ಮಾತು ಕೊಟ್ಟಿರಲಿಲ್ಲ, ದೊಡ್ಡಪ್ಪ.”

“ನೀನೇ ಹೇಳಿದೆಯಲ್ಲ?”

“ನಾನೇ ಹೇಳಿದ್ದು. ಅವನಲ್ಲ. ನೀವು ಹೇಳಿದ್ದನ್ನೂ ಅವನಿಗೆ ಹೇಳಲಿಲ್ಲ.”

ದೊಡ್ಡಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ದೊಡ್ಡಮ್ಮ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಬೈಯಲಿ ಎಂದು ಅವಳು ಕಾದಳು. ಬೈದರೆ ಅರ್ಧ ಹೊರೆ ಇಳಿಯುತ್ತಿತ್ತು.

“ಹಾಗಾದ್ರೆ ನಾನು ಒಬ್ಬ ನಿರಪರಾಧಿಯನ್ನ ಸುಳ್ಳುಗಾರ ಅಂತ ಊರಿಗೆಲ್ಲ ಸಾರಿದ್ದೀನಿ,” ಎಂದರು. “ಪತ್ರಿಕೆಗೆ ತಿದ್ದುಪಡಿ ಕೊಡಬೇಕು. ನಿಜ ಬರೆದ್ರೆ ನಿನ್ನನ್ನ ನಾಳೆ ಯಾರು ಕರೀತಾರೆ?”

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.

ದೊಡ್ಡಪ್ಪ ಬಿಳಿ ಹಾಳೆ ಎಳೆದುಕೊಂಡು ತಾವೇ ಬರೆದರು. ಮೂರೇ ಸಾಲು. ಬರೆದು ಅವಳ ಕಡೆ ತಿರುಗಿಸಿದರು. ‘ಆ ದೃಶ್ಯಕ್ಕೆ ನಾನು ಸ್ಪಷ್ಟವಾಗಿ ಆಕ್ಷೇಪಿಸಲಿಲ್ಲ. ನಿರ್ದೇಶಕರ ತಪ್ಪಿಲ್ಲ. ನನ್ನ ಆರೋಪಕ್ಕೆ ಕ್ಷಮೆ ಕೋರುತ್ತೇನೆ.’

“ಇದು ಬೇಡ ದೊಡ್ಡಪ್ಪ,” ಎಂದಳು.

ಒಂದೇ ಸಲ ಹೇಳಿದಳು. ಎರಡನೇ ಸಲ ಹೇಳಿದ್ದರೆ ಅವರು ಹರಿದು ಹಾಕುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಅವರೂ ಕಾಯುತ್ತಿದ್ದಂತೆ ಕಂಡಿತು. ಆಮೇಲೆ ಸಹಿ ಮಾಡಿ, ಹಾಳೆ ಮಡಿಸಿ, ಲಕೋಟೆಗೆ ಹಾಕಿ, ಅಂಚೆಗೆ ಹಾಕಿಬಿಡು ಎಂದು ಅವಳ ಕೈಗೇ ಕೊಟ್ಟರು.

ಅವಳು ತೆಗೆದುಕೊಂಡಳು.